ಕಾಡುಕುದುರೆ ನಮ್ಮಲ್ಲಿ ಯಾಕಿಲ್ಲ?

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯ ಬುಡದಲ್ಲಿ ಆನೆ, ಸಿಂಹ, ಬಳ್ಳಿ, ಅದರ ಮೇಲೆ ಕುದುರೆ ಸವಾರರ ಸಾಲು. ಮೊನ್ನೆ ಅದನ್ನು ನೋಡುತ್ತ ನಿಂತ ಮಕ್ಕಳಲ್ಲೊಬ್ಬ ಕೇಳಿದ: "ಮೇಷ್ಟ್ರೇ, ಸಕಲೇಶಪುರದಲ್ಲಿ ಕಾಡಾನೆ ಇದೆ, ಕಾಡುಹಂದಿ ಇದೆ. ಕಾಡುಕುದುರೆ ಯಾಕಿಲ್ಲ?"

ಮೇಷ್ಟ್ರು ನಮ್ಮ ಕಡೆ ನೋಡಿದರು. ಉತ್ತರವನ್ನು ಕುದುರೆಯ ಜೂಲಿನಿಂದಲೇ ಶುರು ಮಾಡಬೇಕಾಯಿತು. ಸಾಕಿದ ಕುದುರೆಯ ಜೂಲು ಕತ್ತಿನ ಮೇಲೆ ಇಳಿಬೀಳುತ್ತದೆ, ಹಣೆ ಮೇಲೊಂದು ಜುಟ್ಟು ಬರುತ್ತದೆ. ಮಂಗೋಲಿಯಾದ ಕಾಡುಕುದುರೆ ತಾಖಿಗೆ ಆ ಜುಟ್ಟಿಲ್ಲ. ಜೂಲು ಬ್ರಷ್ಷಿನಂತೆ ನೆಟ್ಟಗೆ ನಿಂತಿರುತ್ತದೆ. ಮೈಕೂದಲಿನ ಜೊತೆ ಅದೂ ವರ್ಷಕ್ಕೊಮ್ಮೆ ಉದುರುವುದರಿಂದ ಬಾಗುವಷ್ಟು ಉದ್ದ ಬೆಳೆಯುವುದೇ ಇಲ್ಲ. ಭುಜದ ಹತ್ತಿರ ಎತ್ತರ 1.2ರಿಂದ 1.4 ಮೀಟರ್, ತೂಕ 200ರಿಂದ 300 ಕೆಜಿ. ಮೈ ಮಾಸಲು ಕಂದು, ಹೊಟ್ಟೆ ಮತ್ತು ಮೂತಿ ಬಿಳಿಚು, ಬೆನ್ನುದ್ದಕ್ಕೂ ಒಂದು ಕಪ್ಪು ಗೆರೆ. ವರ್ಣತಂತುಗಳು 66, ಸಾಕು ಕುದುರೆಗೆ 64.

ಆದರೆ ಹುಡುಗನ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಗೊರಸಿನಲ್ಲಿ. ಗೊರಸು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತಲೇ ಇರುತ್ತದೆ. ಒಣ, ಕಲ್ಲುನೆಲದಲ್ಲಿ ದಿನವಿಡೀ ನಡೆಯುವ ಪ್ರಾಣಿಗೆ ಬೆಳೆದಷ್ಟೂ ಸವೆಯುತ್ತದೆ. ಮೆತ್ತನೆ ನೆಲದಲ್ಲಿ ಸವೆಯದೆ ಮುಂದಕ್ಕೆ ಚಾಚಿ ಸೀಳುತ್ತದೆ. ಅದಕ್ಕೇ ಸಾಕಿದವರು ಆರೆಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಗೊರಸಿನಡಿ ಮೂರು ಮೂಲೆಯ ಮೆತ್ತನೆ ಭಾಗವಿದೆಯಲ್ಲ, ಅದರ ಪಕ್ಕದ ಸಂದಿಯಲ್ಲಿ ಕೆಸರು ಕೂತು ಕೊಳೆಯುತ್ತದೆ. ಕೊಕ್ಕೆಯಿಂದ ಕೆರೆದರೆ ಕಪ್ಪಗಿನ ಕೀವು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಕುಂಟುವ ಕುದುರೆ ಕಾಡಿನಲ್ಲಿ ಎಷ್ಟು ದಿನ ಉಳಿದೀತು?

ಹೊಟ್ಟೆಯ ಲೆಕ್ಕವೂ ಬಯಲಿಗೇ ಹೊಂದುವಂಥದ್ದು. ದನದ ಹಾಗೆ ಕುದುರೆ ಮೆಲುಕು ಹಾಕುವುದಿಲ್ಲ. ನಾರು ಹುಳಿಯಾಗಿ ಕರಗುವುದು ಹಿಂದಿನ ದೊಡ್ಡಕರುಳಿನಲ್ಲಿ. ತಿಂದದ್ದರಿಂದ ಹಸು ತೆಗೆಯುವಷ್ಟು ಸತ್ವ ಅದು ತೆಗೆಯಲಾರದು, ಆದರೆ ಬೇಗ ಹೊರಗೆ ಕಳಿಸಿ ಮತ್ತೆ ತಿನ್ನುತ್ತದೆ. ಹಾಗಾಗಿ ಒಣಕಲು ಹುಲ್ಲಾದರೂ ನಡೆಯುತ್ತದೆ, ರಾಶಿ ಇರಬೇಕು; ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮೇಯಬೇಕು. ಕಣ್ಣು ತಲೆಯ ಪಕ್ಕಕ್ಕಿರುವುದು, ಅಪಾಯ ಕಂಡೊಡನೆ ಓಡುವುದು, ಎಲ್ಲವೂ ದೂರ ಕಾಣುವ ಜಾಗಕ್ಕೆ ಸರಿ. ಕಾಫಿ ತೋಟದ ಮರಗಳ ಸಂದಿಯಲ್ಲಿ ಈ ಯಾವುದಕ್ಕೂ ಬೆಲೆಯಿಲ್ಲ.

ನಮ್ಮ ರಾಜರು ಕುದುರೆಯನ್ನು ಅರಬ್ ನಾಡಿನಿಂದ ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದದ್ದು ಸುಮ್ಮನೆ ಅಲ್ಲ.

ತಾಖಿಯೂ ಒಮ್ಮೆ ಕಾಡಿನಿಂದ ಮಾಯವಾಗಿತ್ತು. ಗೋಬಿ ಮರುಭೂಮಿಯಲ್ಲಿ ಕೊನೆಯದಾಗಿ ಕಂಡದ್ದು 1969ರಲ್ಲಿ. ಮೃಗಾಲಯಗಳಲ್ಲಿ ಉಳಿದಿದ್ದ ಸಂತತಿಯನ್ನು 1992ರಿಂದ ಮಂಗೋಲಿಯಾದ ಹುಸ್ತಾಯಿಯಲ್ಲೂ ಗೋಬಿಯ ಅಂಚಿನಲ್ಲೂ ಮತ್ತೆ ಬಿಟ್ಟರು. ಒಂದು ಗಂಡು, ಕೆಲವು ಹೆಣ್ಣು, ಅವುಗಳ ಮರಿಗಳು, ಹೀಗೆ ಗುಂಪು. ಜೋಡಿ ಸಿಗದ ಗಂಡುಗಳದ್ದೇ ಬೇರೆ ದಂಡು. ಚಳಿಗಾಲದಲ್ಲಿ ಗೊರಸಿನಿಂದ ಹಿಮ ಕೆದರಿ ಹುಲ್ಲು ಹುಡುಕುತ್ತವೆ.

"ಅಮೆರಿಕದಲ್ಲೂ ಇದೆಯಲ್ಲ, ಟೀವೀಲಿ ನೋಡಿದೀನಿ" ಅಂದಳು ಒಬ್ಬಳು. ಅವು ಮಸ್ಟಾಂಗ್, ಸ್ಪೇನಿನವರು ತಂದ ಸಾಕು ಕುದುರೆಗಳು ತಪ್ಪಿಸಿಕೊಂಡು ಬೆಳೆದ ಸಂತತಿ. ಅಸ್ಸಾಮಿನ ದಿಬ್ರು-ಸೈಖೋವಾದಲ್ಲಿರುವುವೂ ಅಂಥವೇ. ನಮ್ಮ ದೇಶದಲ್ಲೇ ಈ ಕುಲದ ನಿಜವಾದ ಕಾಡುಪ್ರಾಣಿ ನೋಡಬೇಕೆಂದರೆ ಕಚ್ಛದ ಸಣ್ಣ ರಣದ ಕಾಡುಕತ್ತೆ, ಇಲ್ಲವೇ ಲಡಾಖಿನ ಕಿಯಾಂಗ್ ಎಂಬ ಕಾಡುಕತ್ತೆ. ಎರಡೂ ಮರವಿಲ್ಲದ, ಮಳೆ ಕಡಿಮೆಯ, ನೆಲ ಗಟ್ಟಿಯಿರುವ ಜಾಗ.