ದೊಡ್ಡಾಂಟಿಯ ಶನಿವಾರಗಳು

ಬಸವನಗುಡಿಯ ನಮ್ಮ ಮಾಂಟೆಸ್ಸರಿಯಲ್ಲಿ ಟೀಚರ್ ಎಂದು ಯಾರನ್ನೂ ಕರೆಯುತ್ತಿರಲಿಲ್ಲ. ಎಲ್ಲರೂ ಆಂಟಿಯರೇ. ಶಾಲೆ ನಡೆಸುತ್ತಿದ್ದವರು ದೊಡ್ಡಾಂಟಿ. ಗುಲಾಬಿ ಬಣ್ಣದ ಘನಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟುವ ಪಿಂಕ್ ಟವರ್, ಚಾಪೆ ಸುತ್ತಿಡುವುದು, ಇವನ್ನೆಲ್ಲ ಮಾಂಟೆಸ್ಸರಿ ಬಗ್ಗೆ ಬರೆಯುವ ಬೇರೆಯವರು ಬರೆದೇ ಬರೆಯುತ್ತಾರೆ. ನಾನು ಬರೆಯಬೇಕಾದ್ದು ಅವರು ನಮ್ಮ ಮನೆಯವರಿಗೆ ಕಲಿಸಿದ್ದರ ಬಗ್ಗೆ. ನನಗೂ ಒಂದು ಮಗುವಾದ ಮೇಲೆ ಅದರ ಬೆಲೆ ಗೊತ್ತಾಗುತ್ತಿದೆ.

ಶನಿವಾರ ಬೆಳಿಗ್ಗೆ ಅಪ್ಪ ಅಮ್ಮಂದಿರು ಬರಬೇಕಿತ್ತು. ಮೊದಲು ಮೂಲೆಯಲ್ಲಿ ಕೂತು ಸುಮ್ನೆ ನೋಡಬೇಕು. ಮಗುವನ್ನು ಕರೆಯುವಂತಿಲ್ಲ, ಕೈ ತೋರಿಸುವಂತಿಲ್ಲ. ಮಕ್ಕಳು ಮನೆಗೆ ಹೋದ ಮೇಲೆ ದೊಡ್ಡವರು ಚಾಪೆ ಹಾಸಿಕೊಂಡು ಅದೇ ಸಾಮಾನುಗಳಲ್ಲಿ ಕೆಲಸ ಮಾಡಬೇಕು. ಅಪ್ಪನಿಗೆ ಸಿಕ್ಕಿದ್ದು ಗುಬುಟಿನ ಸಿಲಿಂಡರುಗಳು. ಒಂದು ಮರದ ದಿಮ್ಮಿಯಲ್ಲಿ ಬೇರೆ ಬೇರೆ ಅಳತೆಯ 10 ಗುಳಿ, ಅವಕ್ಕೆ ಸರಿಹೊಂದುವ 10 ಸಿಲಿಂಡರು. ಒಂದನ್ನು ತಪ್ಪು ಗುಳಿಗೆ ಹಾಕಿದರೆ ಕೊನೆಗೆ ಯಾವುದೋ ಒಂದು ಕೂರುವುದೇ ಇಲ್ಲ. ಆಗ ತಾನಾಗಿಯೇ ಮತ್ತೆ ಹುಡುಕಬೇಕು. "ತಪ್ಪನ್ನು ಸಾಮಾನೇ ಹೇಳುತ್ತದೆ. ಮತ್ತೆ ನೀವ್ಯಾಕೆ ಹೇಳಬೇಕು?" ಎಂದು ದೊಡ್ಡಾಂಟಿ ಕೇಳಿದ್ದನ್ನು ಅಪ್ಪ ಈಗಲೂ ನೆನೆಯುತ್ತಾರೆ. ಆ ಪುಟ್ಟ ಗುಬುಟನ್ನು ಮೂರು ಬೆರಳಲ್ಲಿ ಹಿಡಿದೂ ಹಿಡಿದೂ, ಮುಂದೆ ಪೆನ್ಸಿಲ್ ಹಿಡಿಯಲು ಕೈ ಹದವಾಗುತ್ತದೆ ಎಂಬುದೂ ಅವರಿಗೆ ಅಲ್ಲೇ ತಿಳಿದದ್ದು.

ನಮ್ಮ ಮನೆಯಲ್ಲಿ ಕಷ್ಟವಿದ್ದದ್ದು ಅಜ್ಜಿಯ ಹತ್ತಿರ. ನನಗೆ ತುತ್ತು ಮಾಡಿ ತಿನ್ನಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಶಾಲೆಯಲ್ಲಿ ನಾನೇ ತಿಂದು ತಟ್ಟೆ ತೊಳೆಯುತ್ತೇನೆ ಎಂದರೆ ನಂಬುತ್ತಲೂ ಇರಲಿಲ್ಲ. ದೊಡ್ಡಾಂಟಿ ಅಜ್ಜಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಅವರೆಕಾಯಿ ಕಾಲದಲ್ಲಿ, ಮಕ್ಕಳಿಗೆ ಅವರೆ ಹಿಸುಕುವುದನ್ನು ತೋರಿಸಿಕೊಡಿ ಎಂದು ಕರೆದರು. ಅಜ್ಜಿ ರಾತ್ರಿಯೇ ಕಾಳು ನೆನೆಹಾಕಿ ತಂದರು. ಮೂರು ವರ್ಷದ ಮಕ್ಕಳು ಸಾಲಾಗಿ ಕೂತು, ಎರಡೇ ಬೆರಳಲ್ಲಿ ಒತ್ತಿ ಬೇಳೆ ಹಾರಿಸುವುದನ್ನು ಅಜ್ಜಿ ನೋಡಿದರು. ನೆಲಕ್ಕೆ ಚೆಲ್ಲಿದ ನೀರನ್ನು ಯಾರೂ ಹೇಳದೆ ಒಂದು ಮಗು ಒರೆಸಿದ್ದನ್ನೂ ನೋಡಿದರು. ಮಾರನೆಯ ದಿನ ನನ್ನ ತಟ್ಟೆ, ಲೋಟ ಅಡುಗೆಮನೆಯ ಕೆಳಗಿನ ಶೆಲ್ಫಿಗೆ ಇಳಿದಿದ್ದವು. ಇಳಿಸಿದ್ದು ಅಜ್ಜಿಯೇ. ಶಾಲೆ ನಡೆಸುವುದು ಎಂದರೆ ಇದು ಎಂದು ನನಗನ್ನಿಸುತ್ತದೆ. ಮನೆಯಲ್ಲಿ ಯಾರ ಮರ್ಯಾದೆಯೂ ಕಡಿಮೆಯಾಗದೆ ಮಗುವಿಗೆ ಬೇಕಾದ್ದು ಆಯಿತಲ್ಲ.

ಇದೆಲ್ಲ ಫಾರಿನ್ ಪದ್ಧತಿ ಎಂದು ತಾತ ಗೊಣಗುತ್ತಿದ್ದರು. ಅವರಿಗೆ ದೊಡ್ಡಾಂಟಿ ಮಾರಿಯಾ ಮಾಂಟೆಸ್ಸರಿಯ ಕಥೆ ಹೇಳಿದರಂತೆ. ಆಕೆ ಡಾಕ್ಟರು. 1907ರಲ್ಲಿ ರೋಮಿನ ಬಡವರ ಬಡಾವಣೆಯಲ್ಲಿ ಮೊದಲ ಮಕ್ಕಳ ಮನೆ ತೆರೆದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ, ಥಿಯಾಸಫಿಕಲ್ ಸೊಸೈಟಿ ಇರುವ ಜಾಗಕ್ಕೆ, ಬಂದರು. ಯುದ್ಧ ಶುರುವಾಗಿ 1946ರವರೆಗೆ ಇಂಡಿಯಾದಲ್ಲೇ ಉಳಿದು, ಇಲ್ಲಿನವರಿಗೆ ತರಬೇತಿ ಕೊಟ್ಟರು. ಅಡ್ಯಾರ್ ಎಂದ ಕೂಡಲೇ ತಾತನ ದನಿ ಇಳಿಯಿತಂತೆ!

ದೊಡ್ಡಾಂಟಿ ಗಟ್ಟಿಯಾಗಿ ನಿಲ್ಲುತ್ತಿದ್ದದ್ದು ಮಗು ಮಾಂಟೆಸ್ಸರಿಯಲ್ಲಿ ಕಳೆಯಬೇಕಾದ ಮೂರನೇ ವರ್ಷದ ವಿಷಯಕ್ಕೆ. ದೊಡ್ಡ ಶಾಲೆಯಲ್ಲಿ ಸೀಟು ಹೋದೀತು ಎಂಬ ಭಯದಲ್ಲಿ ಹಲವರು ಎರಡೇ ವರ್ಷಕ್ಕೆ ಮಕ್ಕಳನ್ನು ಬಿಡಿಸುತ್ತಿದ್ದರು. ಬೆಂಗಳೂರಿನಲ್ಲಿ ಆ ಭಯ ಈಗಲೂ ಹೋಗಿಲ್ಲ, ಅಲ್ವಾ? ಮೊದಲೆರಡು ವರ್ಷ ಕೈಗೆ ಬಂದದ್ದು ತಲೆಗೆ ಹತ್ತುವುದು ಮೂರನೆಯ ವರ್ಷದಲ್ಲಿ ಎಂದು ಅವರು ಒಬ್ಬೊಬ್ಬರನ್ನೂ ಕೂರಿಸಿಕೊಂಡು ಹೇಳುತ್ತಿದ್ದರು. ಅಪ್ಪ ಒಪ್ಪಿದರು. ಆ ವರ್ಷವೇ ನಾನು ಚಿನ್ನದ ಬಣ್ಣದ ಮಣಿಗಳಲ್ಲಿ ನಾಲ್ಕಂಕಿಯ ಕೂಡುವ ಲೆಕ್ಕ ಮಾಡಿದ್ದು. ಹತ್ತು ಬಿಡಿ ಮಣಿ ಕೊಟ್ಟು ಒಂದು ಹತ್ತರ ಸರ ತರುವುದು, ಹತ್ತು ನೂರು ಕೊಟ್ಟು ಸಾವಿರದ ಘನ ಹೊತ್ತು ತರುವುದು. ದಶಕ ಅಂದರೇನು ಎಂದು ಆಮೇಲೆ ನನಗೆ ಯಾರೂ ವಿವರಿಸಬೇಕಾಗಲಿಲ್ಲ. ಚಿಕ್ಕವರಿಗೆ ಗುಂಡಿ ಹಾಕುವುದನ್ನು ತೋರಿಸಿಕೊಡುವ ಹೆಮ್ಮೆಯೂ ಆ ವರ್ಷದ್ದೇ.

ಈಗ ಶಾಲೆ ನಡೆಸುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಎಷ್ಟೇ ಟ್ರಾಫಿಕ್ ಇರಲಿ, ಆ ಶನಿವಾರಗಳನ್ನು ಬಿಡಬೇಡಿ. ಅಪ್ಪ ಅಮ್ಮಂದಿರ ಜೊತೆ ಅಜ್ಜಿ ತಾತಂದಿರನ್ನೂ, ಮನೆಯಲ್ಲಿ ಮಗು ನೋಡಿಕೊಳ್ಳುವ ಅಕ್ಕಂದಿರನ್ನೂ ಕರೆಯಿರಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಮಗುವಿನ ದಿನ ಜಾಸ್ತಿ ಕಳೆಯುವುದು ಇವರ ಜೊತೆಯಲ್ಲೇ.