ಮ್ಯೂಟ್ ಮಾಡಿ ನೋಡಿದ ಬ್ಯಾಕ್ಟೀರಿಯಾ ಪಾಠ

ಬ್ಯಾಕ್ಟೀರಿಯಾ ಬಗ್ಗೆ ಯಾವ ವಿಡಿಯೋ ಪಾಠವನ್ನಾದರೂ ಮಕ್ಕಳಿಗೆ ಕಳಿಸುವ ಮುಂಚೆ ನಾನು ಅದನ್ನು ಮ್ಯೂಟ್ ಮಾಡಿ ಒಮ್ಮೆ ನೋಡುತ್ತೇನೆ. ಮಾತು ಕಿವಿಗೆ ಬೀಳುತ್ತಿದ್ದರೆ ಕಣ್ಣು ಸೋಮಾರಿಯಾಗುತ್ತದೆ. ಪಾಠ ಹೇಳುವವರ ದನಿ ಚೆನ್ನಾಗಿದ್ದರಂತೂ ಮುಗಿದೇಹೋಯಿತು, ಪರದೆ ಮೇಲೆ ಏನು ಬಂದರೂ ತಲೆಯಾಡಿಸಿಬಿಡುತ್ತೇವೆ. ಸದ್ದಿಲ್ಲದೆ ನೋಡಿದರೆ ಚಿತ್ರ ತಾನಾಗಿ ಏನು ಹೇಳುತ್ತಿದೆ ಅಂತ ಗೊತ್ತಾಗುತ್ತದೆ.

ಅದು ಹೇಳುವುದು ಹೆಚ್ಚುಕಮ್ಮಿ ಇಷ್ಟು. ಬ್ಯಾಕ್ಟೀರಿಯಾ ಅಂದರೆ ಹಸಿರು ಬಣ್ಣದ ಒಂದು ಕ್ಯಾಪ್ಸೂಲ್. ಹಿಂದೆ ಬಾಲ, ಮೈತುಂಬ ರೋಮ. ಸುತ್ತ ಏನೂ ಇಲ್ಲದ ನೀಲಿ ಬಯಲಲ್ಲಿ ಒಂಟಿಯಾಗಿ ತೇಲುತ್ತಿರುತ್ತದೆ. ರೋಗ ತರುವಂಥದ್ದಾದರೆ ಹುಬ್ಬು ಗಂಟಿಕ್ಕಿಕೊಂಡಿರುತ್ತದೆ, ಉಪಕಾರಿಯಾದರೆ ನಗುತ್ತಿರುತ್ತದೆ.

ನಾನು ಜೀವಶಾಸ್ತ್ರದ ಟೀಚರ್. ಈಗಿನ ಮಕ್ಕಳು ತರಗತಿಗೆ ಬರುವಾಗಲೇ ಎರಡು ಮೂರು ವಿಡಿಯೋ ನೋಡಿಕೊಂಡು ಬಂದಿರುತ್ತಾರೆ. ಅದರಲ್ಲಿ ನನಗೇನೂ ಬೇಜಾರಿಲ್ಲ. ನಾವು ಓದುವಾಗ ಪುಸ್ತಕದಲ್ಲಿ ಒಂದು ಕಪ್ಪು ಬಿಳುಪು ಚಿತ್ರ, ಅದಕ್ಕೆ ಹತ್ತು ಬಾಣ, ಅಷ್ಟೇ. ಓಡಾಡುವ ಜೀವವನ್ನು ನಿಂತ ಚಿತ್ರದಲ್ಲಿ ಬಾಯಿಪಾಠ ಮಾಡಿದ್ದೆವು. ಅದಕ್ಕಿಂತ ಇದು ಎಷ್ಟೋ ವಾಸಿ. ನನ್ನ ತಕರಾರು ಒಂದೇ. ಯಾವುದು ಕ್ಯಾಮೆರಾ ಕಂಡದ್ದು, ಯಾವುದು ಕಲಾವಿದ ಬರೆದದ್ದು ಅಂತ ಈ ವಿಡಿಯೋಗಳು ಹೇಳುವುದೇ ಇಲ್ಲ. ಎರಡೂ ಒಂದೇ ಪರದೆಯಲ್ಲಿ, ಒಂದೇ ಸಂಗೀತದ ಜೊತೆ, ಒಂದರ ಹಿಂದೆ ಒಂದು ಬರುತ್ತವೆ. ನೋಡುವ ಮಕ್ಕಳಿಗೆ ಎಲ್ಲವೂ ನಿಜ.

ಬಣ್ಣದಿಂದಲೇ ಶುರು ಮಾಡೋಣ. "ಮೇಡಂ, ಗ್ರಾಂ ಪಾಸಿಟಿವ್ ಅಂದ್ರೆ ನೇರಳೆ ಬ್ಯಾಕ್ಟೀರಿಯಾ, ಗ್ರಾಂ ನೆಗೆಟಿವ್ ಅಂದ್ರೆ ಗುಲಾಬಿ ಬ್ಯಾಕ್ಟೀರಿಯಾ, ಅಲ್ವಾ?" ಪ್ರತಿ ವರ್ಷ ಯಾರಾದರೊಬ್ಬರು ಹೀಗೆ ಕೇಳುತ್ತಾರೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕವೂ ಸಿಗಬಹುದು. ಆದರೆ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಮೈಬಣ್ಣ ಅಂತ ಹೇಳುವಂಥದ್ದೇ ಇಲ್ಲ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಹಾಗೇ ಇಟ್ಟು ನೋಡಿದರೆ ಕಾಣಿಸುವುದೇ ಕಷ್ಟ. ಸಯನೋಬ್ಯಾಕ್ಟೀರಿಯಾದಂಥ ಕೆಲವಕ್ಕೆ ಮಾತ್ರ ಸ್ವಂತ ಬಣ್ಣ ಇರುತ್ತದೆ.

ಬಣ್ಣ ಕೊಟ್ಟವರು ನಾವು. 1884ರಲ್ಲಿ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬಣ್ಣ ಹಾಕುವ ಈ ವಿಧಾನ ಪ್ರಕಟಿಸಿದರು. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕಿನಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣಲಿ ಅನ್ನುವುದು ಅವರ ಉದ್ದೇಶವಾಗಿತ್ತು. ಈಗ ಲ್ಯಾಬಿನಲ್ಲಿ ಮಾಡುವ ಕ್ರಮ ಹೀಗಿದೆ. ಮೊದಲು ನೇರಳೆ ಬಣ್ಣ, ಆಮೇಲೆ ಅಯೋಡಿನ್, ಆಮೇಲೆ ಆಲ್ಕೋಹಾಲ್‌ನಿಂದ ತೊಳೆಯುವುದು, ಕೊನೆಗೆ ಗುಲಾಬಿ ಬಣ್ಣದ ಸಫ್ರನಿನ್. ಈ ಕೊನೆಯ ಗುಲಾಬಿ ಗ್ರಾಂ ಹಾಕಿದ್ದಲ್ಲ, ನಂತರ ಬಂದವರು ಸೇರಿಸಿದ್ದು. ಪೆಪ್ಟಿಡೋಗ್ಲೈಕನ್ ಎಂಬ ವಸ್ತುವಿನ ದಪ್ಪ ಗೋಡೆ ಇರುವವು ತೊಳೆದರೂ ನೇರಳೆಯನ್ನು ಬಿಟ್ಟುಕೊಡುವುದಿಲ್ಲ, ಇವೇ ಗ್ರಾಂ ಪಾಸಿಟಿವ್. ಗೋಡೆ ತೆಳ್ಳಗಿದ್ದು, ಹೊರಗೆ ಇನ್ನೊಂದು ಪೊರೆ ಇರುವವುಗಳಲ್ಲಿ ಆಲ್ಕೋಹಾಲ್ ಆ ಪೊರೆಯನ್ನು ಕೆಡಿಸುತ್ತದೆ, ನೇರಳೆ ಹರಿದುಹೋಗುತ್ತದೆ. ಆಮೇಲೆ ಹಾಕಿದ ಗುಲಾಬಿ ಉಳಿಯುತ್ತದೆ, ಇವು ಗ್ರಾಂ ನೆಗೆಟಿವ್. ಹೇಗೂ ಬಣ್ಣ ಹಾಕುವ ಮುಂಚೆಯೇ ಸ್ಲೈಡನ್ನು ಬಿಸಿ ಮಾಡಿರುತ್ತಾರೆ. ಅಂದರೆ ಆ ಚೆಂದದ ಫೋಟೋದಲ್ಲಿ ಇರುವವೆಲ್ಲ ಸತ್ತ ಬ್ಯಾಕ್ಟೀರಿಯಾಗಳು.

ಬಣ್ಣಕ್ಕಿಂತ ದೊಡ್ಡ ತೊಂದರೆ ಗಾತ್ರದ್ದು. ಪರದೆ ತುಂಬ ಬ್ಯಾಕ್ಟೀರಿಯಾ, ಮರುಕ್ಷಣ ಪರದೆ ತುಂಬ ವೈರಸ್, ಅದರ ಮರುಕ್ಷಣ ಪರದೆ ತುಂಬ ರಕ್ತಕಣ. ಮೂರೂ ಒಂದೇ ಅಳತೆ! ಅದಕ್ಕೇ ನಾನು ವಿಡಿಯೋ ನಿಲ್ಲಿಸಿ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ನೋಟ್‌ಬುಕ್ಕಿನಲ್ಲಿ 2 ಸೆಂಟಿಮೀಟರ್ ಉದ್ದದ ಒಂದು ಇ. ಕೋಲೈ ಬ್ಯಾಕ್ಟೀರಿಯಾ ಬರೆಯಿರಿ. ನಿಜವಾಗಿ ಅದು ಸುಮಾರು 2 ಮೈಕ್ರೋಮೀಟರ್ ಉದ್ದ, ಅಂದರೆ 500 ಇ. ಕೋಲೈಗಳನ್ನು ಉದ್ದಕ್ಕೆ ಜೋಡಿಸಿದರೆ ಒಂದು ಮಿಲಿಮೀಟರ್. ಈಗ ನೀವು ಅದನ್ನು 10,000 ಪಟ್ಟು ದೊಡ್ಡದು ಮಾಡಿದ್ದೀರಿ. ಉಳಿದದ್ದನ್ನೂ ಅಷ್ಟೇ ದೊಡ್ಡದು ಮಾಡಿ.

ಕೆಂಪು ರಕ್ತಕಣ 7 ಸೆಂಟಿಮೀಟರ್ ದಾಟುತ್ತದೆ. 100 ನ್ಯಾನೊಮೀಟರ್‌ನ ವೈರಸ್ ಒಂದು ಮಿಲಿಮೀಟರ್ ಚುಕ್ಕೆಯಾಗುತ್ತದೆ. ಕೆನ್ನೆ ಒಳಗಿನ ಒಂದು ಕೋಶಕ್ಕೆ ನೋಟ್‌ಬುಕ್ ಸಾಲದು, ಅದು ಅರ್ಧ ಮೀಟರ್‌ಗಿಂತ ಜಾಸ್ತಿ. ಬರೆಯುತ್ತಿರುವ ವಿದ್ಯಾರ್ಥಿ ಸುಮಾರು 16 ಕಿಲೋಮೀಟರ್ ಎತ್ತರ. ಇಲ್ಲಿಗೆ ತರಗತಿಯಲ್ಲಿ ಗಲಾಟೆ ಶುರುವಾಗಿರುತ್ತದೆ.

ಆಮೇಲೆ ನಾನು ಡಿಎನ್‌ಎ ಬಗ್ಗೆ ಕೇಳುತ್ತೇನೆ. ಇ. ಕೋಲೈನ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಬೇಸ್ ಜೋಡಿಗಳು, ಅಂದರೆ ಡಿಎನ್‌ಎ ಏಣಿಯ ಮೆಟ್ಟಿಲುಗಳು. ಬಿಡಿಸಿ ಎಳೆದರೆ ಒಂದೂವರೆ ಮಿಲಿಮೀಟರ್‌ಗಿಂತ ಸ್ವಲ್ಪ ಉದ್ದ. ನಮ್ಮ ಅಳತೆಯಲ್ಲಿ 15 ಮೀಟರ್ ದಾಟುತ್ತದೆ. ಅಷ್ಟು ಉದ್ದದ ಹೊಲಿಗೆ ದಾರವನ್ನು ಕಾರಿಡಾರಿನಲ್ಲಿ ಅಳೆದು ತಂದು, 2 ಸೆಂಟಿಮೀಟರ್ ಚಿತ್ರದೊಳಗೆ ಹಿಡಿಸಿ ನೋಡಿ ಅಂದೆ. ಹೊಲಿಗೆ ದಾರ ಈ ಅಳತೆಗೆ ತುಂಬಾ ದಪ್ಪ, ಡಿಎನ್‌ಎ ಇದಕ್ಕಿಂತ ಎಷ್ಟೋ ತೆಳು. ಆದರೂ ದಾರದ ಮುದ್ದೆಯನ್ನು ಚಿತ್ರದ ಮೇಲೆ ಇಟ್ಟು ನೋಡಿದ ಹುಡುಗಿಯೊಬ್ಬಳು, "ವಿಡಿಯೋದಲ್ಲಿ ಒಳಗಡೆ ಇಷ್ಟೊಂದು ಜಾಗ ಖಾಲಿ ತೋರಿಸಿದ್ದಾರಲ್ಲ ಮೇಡಂ" ಅಂದಳು. ಅದೇ ನನಗೆ ಬೇಕಾಗಿದ್ದ ಮಾತು. ಕೋಶದೊಳಗೆ ಪ್ರೋಟೀನು ತಯಾರಿಸುವ ರೈಬೋಸೋಮ್, ಪ್ರೋಟೀನು, ಡಿಎನ್‌ಎ ಎಲ್ಲ ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ. ಇದ್ದಂತೆ ಬರೆದರೆ ಏನೂ ಕಾಣುವುದಿಲ್ಲ ಅಂತ ಕಲಾವಿದರು ಮುಕ್ಕಾಲು ಪಾಲು ತೆಗೆದುಹಾಕಿರುತ್ತಾರೆ.

(ಬ್ಯಾಕ್ಟೀರಿಯಾ ಅಂದರೆ ಕಣ್ಣಿಗೆ ಕಾಣದ್ದು ಅಂತ ಸಾರಾಸಗಟಾಗಿ ಹೇಳುವ ವಿಡಿಯೋಗಳೂ ಇವೆ. ಕೆರಿಬಿಯನ್ ದ್ವೀಪ ಗ್ವಾಡಲೂಪ್‌ನ ಮ್ಯಾಂಗ್ರೋವ್ ನೀರಿನಲ್ಲಿ ಸಿಕ್ಕ ಥಿಯೋಮಾರ್ಗರಿಟಾ ಮ್ಯಾಗ್ನಿಫಿಕಾ ಸಾಮಾನ್ಯವಾಗಿ ಒಂದು ಸೆಂಟಿಮೀಟರ್‌ನಷ್ಟು, ಕೆಲವೊಮ್ಮೆ ಎರಡು ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಒಂದೇ ಕೋಶ. ಇದರ ವಿವರ ಪ್ರಕಟವಾದದ್ದು 2022ರಲ್ಲಿ.)

ಚಲನೆಯ ವಿಷಯದಲ್ಲಿ ವಿಡಿಯೋ ಗೆಲ್ಲಬೇಕು. ಗೆಲ್ಲುತ್ತದೆ ಕೂಡ, ಆದರೆ ಯಾವಾಗಲೂ ಅಲ್ಲ. ಅಗ್ಗದ ಆ್ಯನಿಮೇಷನ್‌ಗಳಲ್ಲಿ ಫ್ಲಾಜೆಲ್ಲಮ್, ಅಂದರೆ ಬ್ಯಾಕ್ಟೀರಿಯಾದ ಆ ಬಾಲ, ಮೀನಿನ ಬಾಲದ ಹಾಗೆ ಆ ಕಡೆ ಈ ಕಡೆ ಬಡಿಯುತ್ತದೆ. ನಿಜವಾಗಿ ಅದು ತಿರುಗುತ್ತದೆ. ಬುಡದಲ್ಲಿ ಒಂದು ಮೋಟಾರ್ ಇದೆ, ಇ. ಕೋಲೈನಲ್ಲಿ ಸೆಕೆಂಡಿಗೆ ನೂರು ಸುತ್ತಿನ ಆಸುಪಾಸು. ಹೋವರ್ಡ್ ಬರ್ಗ್ ಮತ್ತು ರಾಬರ್ಟ್ ಆ್ಯಂಡರ್ಸನ್ 1973ರಲ್ಲೇ ಇದು ತಿರುಗುತ್ತದೆ ಅಂತ ವಾದ ಮಂಡಿಸಿದ್ದರು. ಒಂದು ದಿಕ್ಕಿಗೆ ತಿರುಗಿದರೆ ಎಲ್ಲ ಫ್ಲಾಜೆಲ್ಲಾಗಳೂ ಒಂದು ಕಟ್ಟಾಗಿ ಮುಂದಕ್ಕೆ ತಳ್ಳುತ್ತವೆ. ಉಲ್ಟಾ ತಿರುಗಿದರೆ ಕಟ್ಟು ಬಿಚ್ಚಿಕೊಂಡು ಬ್ಯಾಕ್ಟೀರಿಯಾ ಇದ್ದಲ್ಲೇ ಉರುಳಾಡಿ ದಿಕ್ಕು ಬದಲಿಸುತ್ತದೆ.

ಇನ್ನೂ ಒಂದು ತಪ್ಪು ಒಳ್ಳೊಳ್ಳೆಯ ವಿಡಿಯೋಗಳಲ್ಲೂ ಇರುತ್ತದೆ. ಈಜು ನಿಲ್ಲಿಸಿದ ಬ್ಯಾಕ್ಟೀರಿಯಾ ನಿಧಾನಕ್ಕೆ ಜಾರುತ್ತಾ ಹೋಗಿ ನಿಲ್ಲುತ್ತದೆ. ಹುಟ್ಟು ಹಾಕುವುದನ್ನು ಬಿಟ್ಟ ಮೇಲೂ ದೋಣಿ ಒಂದಷ್ಟು ದೂರ ಸಾಗುತ್ತದಲ್ಲ, ಹಾಗೆ. ಬ್ಯಾಕ್ಟೀರಿಯಾದ ಲೋಕದಲ್ಲಿ ಅದು ಸಾಧ್ಯವೇ ಇಲ್ಲ. ಆ ಗಾತ್ರಕ್ಕೆ ನೀರಿನ ಸ್ನಿಗ್ಧತೆಯೇ (ಹಿಡಿದು ತಡೆಯುವ ಗುಣ) ಎಲ್ಲ, ಜಡತ್ವ ಅನ್ನುವುದು ಲೆಕ್ಕಕ್ಕಿಲ್ಲ. ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರ ಲೇಖನವೊಂದರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ: ಮೋಟಾರ್ ನಿಂತ ಮೇಲೆ ಬ್ಯಾಕ್ಟೀರಿಯಾ ಸಾಗುವ ದೂರ ಒಂದು ಪರಮಾಣುವಿಗಿಂತಲೂ ಕಡಿಮೆ. ನಿಂತಿತು ಅಂದರೆ ನಿಂತಿತು. ಇದು ಗೊತ್ತಾದ ಮೇಲೆ ನನಗೆ ಆ ಜಾರುವ ಆ್ಯನಿಮೇಷನ್‌ಗಳನ್ನು ನೋಡಿದರೆ ಮೈ ಉರಿಯುತ್ತದೆ.

ಹಾಗಾದರೆ ಕ್ಯಾಮೆರಾ ತೆಗೆದದ್ದಾದರೆ ಸಾಕೇ? ಸಾಲದು. 1950ರ ದಶಕದಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡೇವಿಡ್ ರೋಜರ್ಸ್ ಚಿತ್ರೀಕರಿಸಿದ ಒಂದು ಪುಟ್ಟ ತುಣುಕಿದೆ. ಕೆಂಪು ರಕ್ತಕಣಗಳ ನಡುವೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಒಂದು ಚುಕ್ಕೆಯನ್ನು ಅಟ್ಟಿಸಿಕೊಂಡು ಹೋಗಿ ನುಂಗುತ್ತದೆ. ಮಕ್ಕಳಿಗೆ ಇದು ಎಷ್ಟು ಸಲ ನೋಡಿದರೂ ಸಾಲದು. "ಓಡು, ಓಡು" ಅಂತ ಬ್ಯಾಕ್ಟೀರಿಯಾ ಪರ ಕೂಗುವವರೇ ಜಾಸ್ತಿ. ತಮಾಷೆ ಏನೆಂದರೆ ಆ ಚುಕ್ಕೆ ಸ್ಟ್ಯಾಫಿಲೋಕಾಕಸ್ ಆರಿಯಸ್. ಅದಕ್ಕೆ ಫ್ಲಾಜೆಲ್ಲಮ್ಮೇ ಇಲ್ಲ, ಈಜಲು ಬರುವುದಿಲ್ಲ. ಸುತ್ತಲಿನ ದ್ರವ ಮತ್ತು ಕಣಗಳು ತಳ್ಳಿದ ಕಡೆ ಹೋಗುತ್ತಿದೆ, ಅಷ್ಟೆ. ಅಟ್ಟಿಸಿಕೊಂಡು ಬರುತ್ತಿರುವುದು ನಿಜ, ತಪ್ಪಿಸಿಕೊಂಡು ಓಡುತ್ತಿರುವುದು ನಮ್ಮ ಕಲ್ಪನೆ.

ಈಗ ನನ್ನ ಅಚ್ಚುಮೆಚ್ಚಿನ ವಿಡಿಯೋ. 2016ರಲ್ಲಿ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ರಾಯ್ ಕಿಶೋನಿ, ಮೈಕಲ್ ಬೇಮ್ ಮತ್ತವರ ತಂಡ ಸುಮಾರು 60 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಉದ್ದದ ದೈತ್ಯ ತಟ್ಟೆಯೊಂದರಲ್ಲಿ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಹಾಕಿದರು. ಎರಡು ತುದಿಗಳಲ್ಲಿ ಆ್ಯಂಟಿಬಯಾಟಿಕ್ ಇಲ್ಲ. ನಡುವಿನ ಕಡೆ ಬಂದ ಹಾಗೆ ಪಟ್ಟಿ ಪಟ್ಟಿಯಾಗಿ ಮೊದಲು ಸಾಮಾನ್ಯ ಇ. ಕೋಲೈ ತಡೆದುಕೊಳ್ಳಲಾರದಷ್ಟು ಔಷಧಿ, ಆಮೇಲೆ ಅದರ ಹತ್ತು ಪಟ್ಟು, ನೂರು ಪಟ್ಟು, ಮಧ್ಯದಲ್ಲಿ ಸಾವಿರ ಪಟ್ಟು. ತುದಿಗಳಲ್ಲಿ ಇ. ಕೋಲೈ ಬಿಟ್ಟರು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಬ್ಯಾಕ್ಟೀರಿಯಾ ಹರಡುತ್ತಾ ಬಂದು ಮೊದಲ ಗೆರೆಯಲ್ಲಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಗೆರೆ ದಾಟುತ್ತದೆ. ಮುಂದಿನ ಗೆರೆಯಲ್ಲಿ ಮತ್ತೆ ನಿಲ್ಲುತ್ತದೆ. ಕೊನೆಗೆ ಸಾವಿರ ಪಟ್ಟಿನ ಪಟ್ಟಿಯನ್ನೂ ತುಂಬುತ್ತದೆ. ನಾವು ಎರಡೇ ನಿಮಿಷದಲ್ಲಿ ನೋಡಿ ಮುಗಿಸುವ ಇದು ಲ್ಯಾಬಿನಲ್ಲಿ ನಡೆಯಲು ಹತ್ತು ಹನ್ನೊಂದು ದಿನ ಬೇಕಾಯಿತು.

ನೋಡಿ ಮುಗಿದ ಕೂಡಲೇ ಯಾರಾದರೂ ಹೇಳಿಯೇ ಹೇಳುತ್ತಾರೆ, "ಬ್ಯಾಕ್ಟೀರಿಯಾ ಔಷಧಿಗೆ ಹೊಂದಿಕೊಳ್ಳೋದನ್ನ ಕಲಿತುಬಿಡ್ತು." ನಾನು ವಾದ ಮಾಡುವುದಿಲ್ಲ. ವಿಡಿಯೋವನ್ನು ಹಿಂದಕ್ಕೆ ತಂದು, ಗೆರೆ ದಾಟುವ ಕ್ಷಣದಲ್ಲಿ ನಿಲ್ಲಿಸುತ್ತೇನೆ. ಎಲ್ಲಿಂದ ದಾಟಿತು, ಬೆರಳಿಟ್ಟು ತೋರಿಸಿ ಅನ್ನುತ್ತೇನೆ. ಇಡೀ ಗೆರೆಯ ಉದ್ದಕ್ಕೂ ಬ್ಯಾಕ್ಟೀರಿಯಾ ಕೂಡಿನಿಂತಿದ್ದರೂ ಆಚೆಗೆ ಹೋದದ್ದು ಒಂದೆರಡು ಬಿಂದುಗಳಿಂದ ಮಾತ್ರ. ಆ ಬಿಂದುವಿನಿಂದ ಬೀಸಣಿಗೆ ಬಿಚ್ಚಿದ ಆಕಾರದಲ್ಲಿ ಹರಡುತ್ತದೆ. ಎಲ್ಲವೂ ಕಲಿತಿದ್ದರೆ ಇಡೀ ಸಾಲೇ ಒಟ್ಟಿಗೆ ಮುಂದೆ ಹೋಗಬೇಕಿತ್ತಲ್ಲ? ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಸೀಳಿ ಎರಡಾಗುವಾಗ ಡಿಎನ್‌ಎ ನಕಲು ಮಾಡುವುದರಲ್ಲಿ ಅಲ್ಲೊಂದು ಇಲ್ಲೊಂದು ತಪ್ಪಾಗುತ್ತದೆ. ಅಂಥ ಒಂದು ತಪ್ಪು ಆಕಸ್ಮಿಕವಾಗಿ ಔಷಧಿಯನ್ನು ತಡೆಯುವಂಥದ್ದಾಗಿರುತ್ತದೆ. ಗೆರೆಯ ಆಚೆಗಿನ ಜಾಗವೆಲ್ಲ ಅದರ ಸಂತಾನದ್ದು. ಮಿಕ್ಕವು ಈಚೆಯೇ ಉಳಿದವು.

ಇದೇ ಪ್ರಶ್ನೆಯನ್ನು ಲೂರಿಯಾ ಮತ್ತು ಡೆಲ್ಬ್ರುಕ್ ಎಂಬ ವಿಜ್ಞಾನಿಗಳು 1943ರಲ್ಲಿ ಬರೀ ಕಾಲೊನಿ (ಬ್ಯಾಕ್ಟೀರಿಯಾ ಗುಂಪು) ಎಣಿಸಿ, ಲೆಕ್ಕ ಹಾಕಿ ಬಿಡಿಸಿದ್ದರು. ಆ ಲೆಕ್ಕ ಅರ್ಥ ಮಾಡಿಸಲು ನನಗೆ ಒಂದಿಡೀ ಪೀರಿಯಡ್ ಬೇಕು, ಆದರೂ ಹಿಂದಿನ ಬೆಂಚಿಗೆ ತಲುಪುವುದಿಲ್ಲ. ಇಲ್ಲಿ ವಿಡಿಯೋ ನಿಲ್ಲಿಸುವ ಒಂದು ಬಟನ್ ಸಾಕಾಯಿತು. ವಿಡಿಯೋ ಪಾಠದ ಬಲ ಅಂದರೆ ನನಗೆ ಇದು.

ಇನ್ನು ವಿಡಿಯೋವನ್ನು ಎರಡರ (2x) ವೇಗದಲ್ಲಿ ನೋಡುವ ಮಕ್ಕಳು. ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುವ ಬ್ಯಾಕ್ಟೀರಿಯಾ, ಆ್ಯನಿಮೇಷನ್‌ನಲ್ಲಿ ಸೆಕೆಂಡಿಗೊಮ್ಮೆ ಎರಡಾಗುತ್ತದೆ, ಇವರಿಗೆ ಅರ್ಧ ಸೆಕೆಂಡಿಗೆ! ಆ ಇಪ್ಪತ್ತು ನಿಮಿಷವೂ ಪೋಷಕಾಂಶ ಮತ್ತು ಬಿಸಿ ಎರಡೂ ಸರಿಯಾಗಿ ಸಿಕ್ಕಿದಾಗಿನ ಮಾತು. ಹಾಗೆ ಹತ್ತು ಗಂಟೆ ನಡೆದರೆ ಒಂದು ಬ್ಯಾಕ್ಟೀರಿಯಾ ನೂರು ಕೋಟಿ ದಾಟುತ್ತದೆ. ಎರಡು ದಿನ ನಡೆದರೆ ಭೂಮಿಗಿಂತ ತೂಕವಾಗುತ್ತದೆ ಅಂತ ಹೇಳಿ ವಿಡಿಯೋ ಮುಗಿಸುತ್ತಾರೆ. ಯಾಕೆ ಹಾಗಾಗುವುದಿಲ್ಲ ಅನ್ನುವುದಲ್ಲವೇ ಪಾಠ? ಪೋಷಕಾಂಶ ಮುಗಿಯುತ್ತದೆ, ತ್ಯಾಜ್ಯ ತುಂಬುತ್ತದೆ, ಬೆಳವಣಿಗೆ ನಿಲ್ಲುತ್ತದೆ.

ಹಳಸಿದ ಮಾಹಿತಿಯೂ ಸಾಕಷ್ಟಿದೆ. ನಮ್ಮ ದೇಹದಲ್ಲಿ ನಮ್ಮ ಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ಇವೆ ಅನ್ನುವುದು ಇವತ್ತಿಗೂ ಹೊಸ ವಿಡಿಯೋಗಳಲ್ಲಿ ಬರುತ್ತಿದೆ. 2016ರ ಅಂದಾಜಿನ ಪ್ರಕಾರ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ನಮ್ಮ ಕೋಶಗಳು ಸುಮಾರು 30 ಲಕ್ಷ ಕೋಟಿ. ಹೆಚ್ಚುಕಮ್ಮಿ ಸಮ. ಬ್ಯಾಕ್ಟೀರಿಯಾದ ಪೊರೆ ಒಳಕ್ಕೆ ಮಡಚಿಕೊಂಡ ಭಾಗ ಅಂತ ತೋರಿಸುವ ಮೀಸೋಸೋಮ್ ಕತೆಯೂ ಅಷ್ಟೇ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕೋಶವನ್ನು ಸಿದ್ಧಪಡಿಸುವಾಗ ರಾಸಾಯನಿಕಗಳಿಂದ ಆದ ಸುಕ್ಕು ಅದು ಅಂತ ವಿಜ್ಞಾನಿಗಳು ಕೈಬಿಟ್ಟು ದಶಕಗಳೇ ಆದವು. ವಿಡಿಯೋದಲ್ಲಿ ಅದು ಮೂರು ಆಯಾಮದಲ್ಲಿ ಹೊಳೆಯುತ್ತಿರುತ್ತದೆ.

ಇಷ್ಟೆಲ್ಲ ಹೇಳಿಕೊಟ್ಟದ್ದರ ಅಡ್ಡಪರಿಣಾಮವೂ ಆಗಿದೆ. ಮೊನ್ನೆ ಒಬ್ಬ ಹುಡುಗ ಒಂದು ವಿಡಿಯೋವನ್ನು ಅರ್ಧಕ್ಕೇ ಬಿಟ್ಟು ಬಂದ. "ಬರೀ ಡ್ರಾಯಿಂಗ್ ಮೇಡಂ, ಸ್ಕೇಲೂ ಇಲ್ಲ, ನಾನು ನಂಬಲ್ಲ" ಅಂದ. ಯಾವುದು ಅಂತ ನೋಡಿದೆ. ಆಲ್ಕೋಹಾಲ್ ಹಾಕಿದಾಗ ಎರಡು ಬಗೆಯ ಗೋಡೆಗಳಲ್ಲಿ ಏನೇನು ಆಗುತ್ತದೆ ಅಂತ ಬಿಡಿಸಿ ತೋರಿಸಿದ ವಿಡಿಯೋ. ನಾನು ನೋಡಿದ್ದರಲ್ಲೇ ಚೆನ್ನಾಗಿರುವುದು. ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ನೇರಳೆ ಕಾಣುತ್ತದೆ, ಗುಲಾಬಿ ಕಾಣುತ್ತದೆ, ಅದರ ಕಾರಣ ಕಾಣುವುದಿಲ್ಲ. ಅದನ್ನು ಬರೆದೇ ತೋರಿಸಬೇಕು. ಕೂತು ಪೂರ್ತಿ ನೋಡು, ಬೇಕಾದರೆ ಎರಡರ ವೇಗದಲ್ಲೇ ನೋಡು ಅಂತ ವಾಪಸ್ ಕಳಿಸಿದ್ದೇನೆ.