ಮೀನು ಕಾಣದ ಮನೆಯಲ್ಲಿ ಮೀನಿನ ವಾಸನೆ

ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ. ಅತ್ತೆಗೆ ಆಗಿಬರುವುದಿಲ್ಲ, ಹಾಗಾಗಿ ಯಾರೂ ತಂದದ್ದೇ ಇಲ್ಲ. ಅಂಥ ಮನೆಯಲ್ಲಿ ಆ ಭಾನುವಾರ, ಹುಬ್ಬಳ್ಳಿಯಿಂದ ಬಂದಿದ್ದ ನಾದಿನಿ ಆಮ್ಲೆಟ್ಟಿನ ಮೊದಲ ತುತ್ತು ಬಾಯಿಗಿಟ್ಟು ಸುಮ್ಮನಾದಳು.

"ವೈನಿ, ಇದಕ್ಕ ಮೀನಿನ ವಾಸನಿ ಯಾಕ ಬರಾಕತ್ತೇತಿ?"

ತವಾ ಸರಿಯಾಗಿ ತೊಳೆದಿಲ್ಲವೇನೋ ಅಂದುಕೊಂಡೆ. ಬೇರೆ ಪಾತ್ರೆಯಲ್ಲಿ ಎರಡು ತತ್ತಿ ಕುದಿಸಿ, ಸುಲಿದು ಮೂಗಿಗೆ ಹಿಡಿದೆ. ಅವೂ ಹಾಗೇ. ತಪ್ಪು ತವಾದ್ದಲ್ಲ, ಕೋಳಿಯದ್ದೂ ಅಲ್ಲ. ಎರಡು ತಿಂಗಳಿಂದ ಹಿತ್ತಲಲ್ಲಿ ನಡೆದಿದ್ದ ನನ್ನ ಪಂಡಿತಿಕೆಯದ್ದು.

ನಮ್ಮದು ಬ್ಯಾಡಗಿ. ಎಂಟು ಕೋಳಿ ಸಾಕಿದ್ದೇನೆ, ಆರು ಜವಾರಿ, ಎರಡು ಗಿರಿರಾಜ. ಬಿಳಿಜೋಳದ ನುಚ್ಚು ಚೆಲ್ಲಿದರೆ ತಿಂದು, ಉಳಿದದ್ದನ್ನು ತಾವೇ ಕೆದರಿ ಹುಡುಕಿಕೊಳ್ಳುತ್ತವೆ. ಬೇಸಿಗೆಯಲ್ಲಿ ಹಿತ್ತಲ ಹಸಿರೆಲ್ಲ ಒಣಗಿದ ಮೇಲೆ ತತ್ತಿಯ ಹಳದಿ ಬಿಳಿಚಿಕೊಂಡಿತು. ಬಿಳಿಜೋಳದಲ್ಲಿ ಬಣ್ಣ ಕೊಡುವ ಅಂಶ ತೀರಾ ಕಡಿಮೆ, ಗೋವಿನಜೋಳದಲ್ಲಾದರೆ ಜಾಸ್ತಿ. ಇದು ಆಗ ನನಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ತತ್ತಿ ಒಯ್ಯುವ ಓಣಿಯ ಅಕ್ಕ ಒಬ್ಬರು, "ಇದು ಜವಾರಿ ತತ್ತಿ ಹೌದನ ತಂಗಿ? ಫಾರಂದು ಇದ್ದಂಗೈತಿ" ಅಂದುಬಿಟ್ಟರು. ಚುರುಕ್ಕೆಂದಿತು.

ಬ್ಯಾಡಗಿಯಲ್ಲಿದ್ದುಕೊಂಡು ಬಣ್ಣಕ್ಕೆ ಬಡತನವೇ? ನಮ್ಮೂರ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಖಾರ ಕಡಿಮೆ, ಕೆಂಪು ಜಾಸ್ತಿ, ಅದೇ ಅದರ ಹೆಸರು. ಮನೆ ಬಳಕೆಗೆ ಬೆಳೆದ ಕಾಯಿಯ ತೊಟ್ಟು ಬಿಡಿಸುವಾಗ ಉಳಿದ ಮುರುಕನ್ನೆಲ್ಲ ಕುಟ್ಟಿ ನುಚ್ಚಿಗೆ ಕಲಸಿದೆ. ಕೋಳಿಗಳು ಒಂದು ಸಲವೂ ತಲೆ ಕೊಡವಲಿಲ್ಲ. ಹಕ್ಕಿಗಳಿಗೆ ಮೆಣಸಿನ ಖಾರ ತಗಲುವುದೇ ಇಲ್ಲವಂತೆ, ಪುಣ್ಯವಂತರು. ಹತ್ತು ಹನ್ನೆರಡು ದಿನಕ್ಕೆ ಹಳದಿ ಅನ್ನುವುದು ಕೇಸರಿಯಾಯಿತು. ಅಕ್ಕ ತಾವಾಗಿಯೇ ತತ್ತಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟರು.

ಅತ್ತೆ ಮಾತ್ರ ಒಂದೇ ಮಾತು ಕೇಳಿದರು: "ಬಣ್ಣ ಏನೋ ಬಂತವಾ. ಕಸುವು ಬಂತನ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಮ್ಮೆ ನೋಡಲು ಬಂದಿದ್ದ ದನದ ಡಾಕ್ಟರನ್ನು ಕೇಳಿದೆ. ಅವರು ನಕ್ಕರು. ಮೆಣಸಿನಕಾಯಿಯಿಂದ ಬಂದದ್ದು ಬಹುಪಾಲು ಬಣ್ಣವೇ ಅಂದರು. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ, ಕೋಳಿಗೆ ಏನೇ ಹಾಕಿದರೂ ಅದು ಅಷ್ಟಾಗಿ ಬದಲಾಗುವುದಿಲ್ಲ. ಬದಲಾಗುವುದು ಹಳದಿಯೊಳಗಿನ ಕೊಬ್ಬು ಮತ್ತು ವಿಟಮಿನ್ನುಗಳು. ಬಿಸಿಲಲ್ಲಿ ಅಡ್ಡಾಡಿದ ಕೋಳಿಯ ತತ್ತಿಯಲ್ಲಿ ವಿಟಮಿನ್ ಡಿ ಜಾಸ್ತಿ. ನುಗ್ಗೆಸೊಪ್ಪು, ರಾಜಗಿರಿಯಂಥ ಹಸಿರು ಬೇಕು. ಅಗಸಿ ಬೀಜ ಹಾಕಿದರೆ ಒಮೇಗಾ-3 ಅನ್ನುವ ಒಳ್ಳೆಯ ಕೊಬ್ಬು ಏರುತ್ತದೆ. ಅಗಸಿ ಎಣ್ಣೆಯಲ್ಲಿ ಸುಮಾರು ಅರ್ಧ ಅದೇ ಇರುತ್ತದೆ, ಕೋಳಿ ಅದರಲ್ಲೊಂದು ಪಾಲನ್ನು ಮಿದುಳು, ಕಣ್ಣಿಗೆ ಬೇಕಾದ ರೂಪಕ್ಕೆ ತಿರುಗಿಸಿ ಹಳದಿಯಲ್ಲಿಡುತ್ತದೆ. ಅವರು ಇನ್ನೂ ಏನೋ ಹೇಳುತ್ತಿದ್ದರು. ನನ್ನ ಕಿವಿಗೆ ಅಗಸಿ ಅನ್ನುವುದೊಂದೇ ಬಿದ್ದಿತ್ತು.

ಮೊದಲು ಅಗಸಿ ಹಿಂಡಿ ತಂದೆ. ನಮ್ಮ ಕಡೆ ಹಿಂಡಿ ಅಂದರೆ ಎರಡು ಅರ್ಥ, ರೊಟ್ಟಿಗೆ ಹಚ್ಚಿಕೊಳ್ಳುವ ಪುಡಿಯೂ ಹಿಂಡಿ, ಗಾಣದಲ್ಲಿ ಉಳಿಯುವುದೂ ಹಿಂಡಿ. ನಾನು ತಂದದ್ದು ಗಾಣದ್ದು. ಎಣ್ಣೆ ಬಹುಪಾಲು ಹೋದ ಮೇಲೆ ಅದರಲ್ಲಿ ಒಮೇಗಾ ಎಷ್ಟು ಉಳಿದೀತು? ಅದನ್ನು ಎಮ್ಮೆಗೆ ಹಾಕಿ, ಐದು ಕಿಲೋ ಅಗಸಿಯನ್ನೇ ತಂದೆ. ಒಂದೇ ಸಲ ಎಲ್ಲ ಪುಡಿ ಮಾಡಿಸಿ ಡಬ್ಬಿ ತುಂಬಿದೆ. ನುಚ್ಚು ಮೂರು ಬೊಗಸೆ, ಅಗಸಿ ಒಂದು ಬೊಗಸೆ. ಒಳ್ಳೆಯದು ಎಷ್ಟು ಹಾಕಿದರೂ ಒಳ್ಳೆಯದೇ ಅಲ್ವಾ?

ಭಾನುವಾರ ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ಹಾಕಿದಿರಿ, ಹುರಿದಿರಾ, ಪುಡಿ ಯಾವಾಗಿನದು. ಒಂದಕ್ಕೂ ಒಳ್ಳೆಯ ಉತ್ತರ ಇರಲಿಲ್ಲ. ಮೇವಿನ ಹತ್ತರಲ್ಲೊಂದು ಪಾಲಿಗಿಂತ ಅಗಸಿ ದಾಟಿದರೆ ತತ್ತಿಗೆ ಮೀನಿನ ವಾಸನೆ ಹತ್ತಬಹುದು, ತತ್ತಿ ಇಡುವುದೂ ಕಡಿಮೆಯಾಗಬಹುದು. ಹುರಿಯದ ಅಗಸಿಯಲ್ಲಿ ಕೋಳಿಗೆ ಆಗದ ಅಂಶಗಳಿರುತ್ತವೆ. ಪುಡಿ ಮಾಡಿಟ್ಟರೆ ಬೇಗ ಕಮಟಾಗುತ್ತದೆ. ಅತ್ತೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ಹುರೀದ ಅಗಸಿ ಯಾರರ ಕುಟ್ತಾರೇನವಾ? ನನ್ನ ಕೇಳಿದ್ರ ನಾನ ಹೇಳ್ತಿದ್ನಿ." ನಿಜ. ಐವತ್ತು ವರ್ಷದಿಂದ ಹಿಂಡಿ ಕುಟ್ಟಿದ ಕೈ ಮನೆಯಲ್ಲೇ ಇತ್ತು.

ಅಗಸಿ ನಿಲ್ಲಿಸಿದೆ. ವಾಸನೆ ಮಾತ್ರ ತಕ್ಷಣ ಹೋಗಲಿಲ್ಲ. ಒಂದೊಂದು ಹಳದಿ ತುಂಬಿಕೊಳ್ಳಲು ಹತ್ತು ದಿನದಷ್ಟು ಬೇಕು, ಅಂದರೆ ಹಳೆಯ ಮೇವು ಒಳಗೆ ಸಾಲಾಗಿ ಕೂತೇ ಇರುತ್ತದೆ. ಆ ದಿನಗಳ ತತ್ತಿಯನ್ನೆಲ್ಲ ಮಸಾಲೆ ಜಾಸ್ತಿ ಹಾಕಿ ನಾವೇ ತಿಂದು ತೀರಿಸಿದೆವು. ನಡುವೆ ಒಂದೆರಡು ತತ್ತಿಯ ಸಿಪ್ಪೆ ಕಾಗದದಂತೆ ತೆಳ್ಳಗೆ ಬಂತು. ಒಂದು ಸಿಪ್ಪೆಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಕಾಳಿನಿಂದ ಅಷ್ಟು ಸಿಗುವುದಿಲ್ಲ. ಈಗ ಒಡೆದ ಸಿಪ್ಪೆಯನ್ನು ಹುರಿದು ಪುಡಿ ಮಾಡಿ ಬೇರೆ ಬಟ್ಟಲಲ್ಲಿಡುತ್ತೇನೆ, ಬೇಕಾದ ಕೋಳಿ ತಿನ್ನುತ್ತದೆ.

ಅಗಸಿ ಮತ್ತೆ ಶುರು ಮಾಡಿದ್ದೇನೆ, ಅತ್ತೆಯ ಕೈಯಿಂದ. ಎಂಟು ಕೋಳಿಗೆ ದಿನಕ್ಕೆ 50 ಗ್ರಾಂ ಆಸುಪಾಸು, ಹುರಿದು, ಅವತ್ತಿಂದವತ್ತಿಗೆ ಕುಟ್ಟಿದ್ದು. ಜೊತೆಗೆ ಒಂದು ಹಿಡಿ ನುಗ್ಗೆಸೊಪ್ಪು. ಕಸುವು ಬಂದಿದೆ ಅಂತ ನನ್ನ ನಂಬಿಕೆ. ಆದರೆ ಕಸುವು ಕಣ್ಣಿಗೆ ಕಾಣುವುದಿಲ್ಲವಲ್ಲ.

ಮೊನ್ನೆ ಓಣಿಯ ಅಕ್ಕ ಮತ್ತೆ ಬಂದರು. "ಮೊದಲಿನಂಗ ಕೆಂಪಿಲ್ಲ ತಂಗಿ. ಏನ್ ಮಾಡಿದಿ?"

ಒಮೇಗಾ, ಅಗಸಿ ಅಂತ ಶುರು ಮಾಡಿದೆ. ಅವರು ನನ್ನ ಮುಖ ನೋಡಲಿಲ್ಲ, ತತ್ತಿಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಸಂಜೆ ಮೆಣಸಿನಕಾಯಿ ಮುರುಕಿನ ಚೀಲ ಬಿಚ್ಚಿ ನುಚ್ಚಿಗೆ ಒಂದು ಹಿಡಿ ಕಲಸಿದೆ. ಅತ್ತೆ ನೋಡಿದರು, ಏನೂ ಅನ್ನಲಿಲ್ಲ.